ಬರೀ ಫ್ರೇಮಿನಿಂದ ಒಂದು ಹಳೇ ಮೌಂಟನ್ ಬೈಕ್

(ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದ ಕನ್ನಡ ಗೆಳೆಯರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಈ ಟೇಬಲ್ ಮೇಲಿರುವುದು ಒಂದು ಉಕ್ಕಿನ ಫ್ರೇಮು, ಜೊತೆಗೆ ಅದರದೇ ಫೋರ್ಕು, ಅಂದರೆ ಮುಂದಿನ ಚಕ್ರ ಹಿಡಿಯುವ ಕವಲು. ಚಕ್ರ ಇಲ್ಲ, ಹ್ಯಾಂಡಲ್ ಇಲ್ಲ, ಪೆಡಲ್ ಇಲ್ಲ. ಕಂಪನಿಯ ಹೆಸರಿದ್ದ ಸ್ಟಿಕರ್ ಕೂಡ ಯಾವಾಗಲೋ ಉದುರಿಹೋಗಿದೆ. ಇದನ್ನು ಮತ್ತೆ ಬೆಟ್ಟ ಹತ್ತಿ ಇಳಿಯುವ ಸೈಕಲ್ ಮಾಡುವುದು ಹೇಗೆ ಅನ್ನುವುದೇ ಇವತ್ತಿನ ಮಾತು.

ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಹವ್ಯಾಸಕ್ಕೆ ಇಳಿದವರು ದುಡ್ಡು ಕಳೆದುಕೊಳ್ಳುವುದಕ್ಕೆ, ಬೇಸತ್ತು ಅರ್ಧಕ್ಕೇ ಬಿಡುವುದಕ್ಕೆ ದೊಡ್ಡ ಕಾರಣ ಒಂದಿದೆ. ಫ್ರೇಮ್ ಸಿಕ್ಕ ಖುಷಿಯಲ್ಲಿ ಅದೇ ರಾತ್ರಿ ಪಾರ್ಟ್ಸ್ ತರಿಸಲು ಶುರು ಮಾಡುತ್ತಾರೆ. ಚೆಂದ ಕಂಡ ಕ್ರ್ಯಾಂಕ್ (ಪೆಡಲ್ ಕೂರುವ ತೋಳು), ಕಡಿಮೆ ಬೆಲೆಗೆ ಸಿಕ್ಕ ಚಕ್ರ, ಯಾರೋ ಹೊಗಳಿದ ಬ್ರೇಕ್. ಆದರೆ ಈ ಫ್ರೇಮಿಗೆ ಏನು ಕೂರುತ್ತದೆ, ಏನು ಕೂರುವುದಿಲ್ಲ ಅನ್ನುವುದನ್ನು ಅದನ್ನು ಕಟ್ಟಿದವರು ಆಗಲೇ ತೀರ್ಮಾನ ಮಾಡಿಬಿಟ್ಟಿದ್ದಾರೆ. ಆ ತೀರ್ಮಾನವೆಲ್ಲ ಕೊಳವೆಗಳ ಅಳತೆಯಲ್ಲಿದೆ. ಅದನ್ನು ಓದಿಕೊಳ್ಳದೆ ಒಂದು ಬೋಲ್ಟನ್ನೂ ಕೊಳ್ಳಬೇಡಿ. ನಾನು ಇವತ್ತು ಹೇಳುವುದೆಲ್ಲ ಈ ಓದಿನ ಬಗ್ಗೆ.

ಅಳತೆಗಳು ಯಾಕೆ ಇಷ್ಟು ತರಹೇವಾರಿ ಅಂತ ತಿಳಿಯಬೇಕಾದರೆ ಮೌಂಟನ್ ಬೈಕ್ ಹುಟ್ಟಿದ ಜಾಗಕ್ಕೆ ಹೋಗಬೇಕು. ಆ ಜಾಗ ದೂರ ಏನಿಲ್ಲ. ಗೋಲ್ಡನ್ ಗೇಟ್ ಸೇತುವೆ ದಾಟಿದರೆ ಸಿಗುವ ಮರಿನ್ ಕೌಂಟಿ. ಅಲ್ಲಿ ಫೇರ್‌ಫ್ಯಾಕ್ಸ್ ಅನ್ನುವ ಚಿಕ್ಕ ಊರು, ಪಕ್ಕದಲ್ಲೇ ಪೈನ್ ಮೌಂಟನ್. ಅದರ ಮೇಲಿಂದ ಇಳಿಯುವ ಒಂದು ಮಣ್ಣಿನ ರಸ್ತೆಯಲ್ಲಿ 1976ರ ಅಕ್ಟೋಬರ್ 21ರಂದು ಒಂದಷ್ಟು ಯುವಕರು ಸೈಕಲ್ ರೇಸ್ ಮಾಡಿದರು. ಉದ್ದ ಎರಡು ಮೈಲಿಗಿಂತ ಸ್ವಲ್ಪ ಜಾಸ್ತಿ. ಮೇಲಿಂದ ಕೆಳಗೆ ಇಳಿತ ಸುಮಾರು 1300 ಅಡಿ. ಅವರು ಓಡಿಸಿದ್ದು ದಪ್ಪ ಟೈರಿನ ಹಳೇ ಶ್ವಿನ್ ಸೈಕಲ್‌ಗಳು. ಅವು ಆಗಲೇ ಮುದಿ ಸೈಕಲ್‌ಗಳು. ಪೆಡಲ್ ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು. ಕೆಳಗೆ ಬರುವಷ್ಟರಲ್ಲಿ ಚಕ್ರದ ನಡುವಿನ ಹಬ್ಬಿನೊಳಗಿನ ಗ್ರೀಸ್ ಸುಟ್ಟು ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಸಲವೂ ಹಬ್ ಬಿಚ್ಚಿ ಹೊಸ ಗ್ರೀಸ್ ತುಂಬಬೇಕು. ಹಾಗಾಗಿ ಆ ರಸ್ತೆಗೇ ರೀಪ್ಯಾಕ್ ಅಂತ ಹೆಸರಾಯಿತು. ಗ್ಯಾರಿ ಫಿಶರ್, ಚಾರ್ಲಿ ಕೆಲ್ಲಿ, ಜೋ ಬ್ರೀಜ್ ಇವರೆಲ್ಲ ಆ ಗುಂಪಿನವರು. ಗ್ಯಾರಿ ಫಿಶರ್ ಅಲ್ಲಿ 4 ನಿಮಿಷ 22 ಸೆಕೆಂಡಿನಲ್ಲಿ ಇಳಿದದ್ದು ಆ ರೇಸಿನ ದಾಖಲೆ.

1977ರಲ್ಲಿ ಜೋ ಬ್ರೀಜ್ ಈ ಕೆಲಸಕ್ಕಂತಲೇ ಹೊಸ ಫ್ರೇಮ್ ಕಟ್ಟಿದರು. 1979ರಲ್ಲಿ ಫಿಶರ್ ಮತ್ತು ಕೆಲ್ಲಿ ಸೇರಿ, ಟಾಮ್ ರಿಚಿ ಕಟ್ಟಿದ ಫ್ರೇಮ್‌ಗಳಿಗೆ ಪಾರ್ಟ್ಸ್ ಜೋಡಿಸಿ ಮಾರತೊಡಗಿದರು. ಆ ಪಾರ್ಟ್ಸ್ ಬಂದದ್ದು ಎಲ್ಲೆಲ್ಲಿಂದ ನೋಡಿ. ಬ್ರೇಕ್ ಫ್ರಾನ್ಸಿನ ಮಾಫಾಕ್ ಕಂಪನಿಯದು, ಇಬ್ಬರು ಓಡಿಸುವ ಟ್ಯಾಂಡಮ್ ಸೈಕಲ್‌ಗಳಿಗೆ ಹಾಕುತ್ತಿದ್ದದ್ದು. ಕ್ರ್ಯಾಂಕ್ ಫ್ರಾನ್ಸಿನ ಟೂರಿಂಗ್ ಸೈಕಲ್‌ಗಳದ್ದು. ಬ್ರೇಕ್ ಲಿವರ್ ಮೋಟಾರ್‌ಸೈಕಲ್‌ದು. ಗೇರ್ ಜಪಾನಿನ ಸನ್‌ಟೂರ್. 26 ಇಂಚಿನ ಚಕ್ರ ಮಾತ್ರ ಆ ಹಳೇ ಶ್ವಿನ್‌ಗಳಿಂದ ಬಂದ ಆಸ್ತಿ. ನಾಲ್ಕು ದಿಕ್ಕಿನಿಂದ ಬಂದ ಅಳತೆಗಳು ಒಂದೇ ಸೈಕಲ್‌ನಲ್ಲಿ ಸೇರಿಕೊಂಡವು. 1981ರಲ್ಲಿ ಸ್ಪೆಷಲೈಜ್ಡ್ ಕಂಪನಿ ಸ್ಟಂಪ್‌ಜಂಪರ್ ಅನ್ನುವ ಮೌಂಟನ್ ಬೈಕನ್ನು ಜಪಾನಿನಲ್ಲಿ ಮಾಡಿಸಿ 750 ಡಾಲರಿಗೆ ಮಾರಿತು. 1982ರಲ್ಲಿ ಜಪಾನಿನ ಶಿಮಾನೊ ಕಂಪನಿ ಬೆಟ್ಟದ ಸೈಕಲ್‌ಗೇ ಅಂತ ಡಿಯೋರ್ ಎಕ್ಸ್‌ಟಿ ಅನ್ನುವ ಪಾರ್ಟ್ಸ್ ಸೆಟ್ ತಂದಿತು. ಅಲ್ಲಿಂದ ಮುಂದಿನ ಹದಿನೈದು ವರ್ಷ ಒಂದೊಂದೇ ಅಳತೆ ಬದಲಾಗುತ್ತಾ ಬಂತು. ಬೇರೆ ಬೇರೆ ಅಳತೆ ಬೇರೆ ಬೇರೆ ವರ್ಷ ಬದಲಾಯಿತು. ನಮಗೆ ಅನುಕೂಲ ಆಗಿರುವುದು ಅದೇ. ಸ್ಟಿಕರ್ ಇಲ್ಲದಿದ್ದರೂ ಫ್ರೇಮಿನ ವಯಸ್ಸು ಅಳತೆಯಿಂದ ಗೊತ್ತಾಗುತ್ತದೆ.

ಅಳೆಯುವ ಮುಂಚೆ ಫ್ರೇಮ್ ಬದುಕಿದೆಯಾ ನೋಡಬೇಕು. ನಾನು ಮೊದಲು ಬೆರಳಾಡಿಸುವುದು ಹೆಡ್ ಟ್ಯೂಬಿನ, ಅಂದರೆ ಫೋರ್ಕ್ ತೂರುವ ಮುಂದಿನ ಗಿಡ್ಡ ಕೊಳವೆಯ ಹಿಂದೆ, ಬಾರ್ ಮತ್ತು ಕೆಳಗಿನ ಕೊಳವೆ ಶುರುವಾಗುವ ಜಾಗದ ಅಡಿಭಾಗದಲ್ಲಿ. ಎದುರಿಗೆ ಏನಕ್ಕಾದರೂ ಗುದ್ದಿದ್ದರೆ ಅಲ್ಲೊಂದು ಸಣ್ಣ ಉಬ್ಬು ಇರುತ್ತದೆ, ಅಥವಾ ಬಣ್ಣ ಸುಕ್ಕುಗಟ್ಟಿರುತ್ತದೆ. ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಸಿಗುತ್ತದೆ. ಅದು ಇದ್ದರೆ ಆ ಫ್ರೇಮ್ ಗೋಡೆಗೆ ತೂಗುಹಾಕಲು ಸರಿ, ಬೆಟ್ಟ ಇಳಿಯಲು ಬೇಡ. ಆಮೇಲೆ ಹಿಂದಿನ ಚಕ್ರ ಕೂರುವ ಡ್ರಾಪ್‌ಔಟ್‌ಗಳ ಸುತ್ತ ಬಿರುಕು ಇದೆಯಾ, ಕ್ರ್ಯಾಂಕ್ ತಿರುಗುವ ಬಾಟಮ್ ಬ್ರ್ಯಾಕೆಟ್ ಹತ್ತಿರ ಬಲಗಡೆ ಚೈನ್ ಸಿಕ್ಕಿಕೊಂಡು ಕೊರೆದ ಗಾಯ ಎಷ್ಟು ಆಳ ಇದೆ ನೋಡಿ.

ನೇರ ಇದೆಯಾ ಅಂತ ನೋಡಲು ಒಂದು ದಾರ ಸಾಕು. ಹಿಂದಿನ ಒಂದು ಡ್ರಾಪ್‌ಔಟ್‌ಗೆ ಕಟ್ಟಿ, ಹೆಡ್ ಟ್ಯೂಬ್ ಸುತ್ತಿಸಿ, ಇನ್ನೊಂದು ಡ್ರಾಪ್‌ಔಟ್‌ಗೆ ಬಿಗಿಯಾಗಿ ಎಳೆದು ಕಟ್ಟಿ. ಈಗ ಸೀಟಿನ ಕೆಳಗಿನ ಕೊಳವೆ, ಅಂದರೆ ಸೀಟ್ ಟ್ಯೂಬಿನಿಂದ ದಾರಕ್ಕೆ ಎರಡೂ ಕಡೆ ಎಷ್ಟು ಅಂತರ ಇದೆ ಅಳೆಯಿರಿ. ಒಂದು ಮಿಲಿಮೀಟರ್ ಆಚೆಈಚೆ ಇದ್ದರೆ ಚಿಂತೆ ಇಲ್ಲ. ಜಾಸ್ತಿ ಇದ್ದರೆ, ಉಕ್ಕಿನ ಫ್ರೇಮ್ ಆದರೆ, ಗೊತ್ತಿರುವವರ ಕೈಯಲ್ಲಿ ಬಗ್ಗಿಸಿ ಸರಿ ಮಾಡಿಸಬಹುದು. ಅಲ್ಯುಮಿನಿಯಂ ಫ್ರೇಮನ್ನು ಹಾಗೆ ಬಗ್ಗಿಸುವ ಮಾತೇ ಬೇಡ. ನಾನು ಉಕ್ಕನ್ನೇ ಹುಡುಕುವುದಕ್ಕೆ ಇದೂ ಒಂದು ಕಾರಣ. ಅದು ತಿದ್ದಿಸಿಕೊಳ್ಳುತ್ತದೆ.

ತುಕ್ಕು ಕಂಡ ತಕ್ಷಣ ಹೆದರಬೇಡಿ. ಹೊರಗಿನ ತುಕ್ಕು ಆಕ್ಸಾಲಿಕ್ ಆಸಿಡ್ ಬೆರೆಸಿದ ನೀರಿನಲ್ಲಿ ಚೆನ್ನಾಗಿ ಬಿಡುತ್ತದೆ, ಬಣ್ಣವೂ ಹೆಚ್ಚುಕಮ್ಮಿ ಉಳಿಯುತ್ತದೆ. ಆದರೆ ಅದು ವಿಷ, ಕೈಗೆ ಗ್ಲೌಸ್ ಹಾಕಿಕೊಳ್ಳಿ. ಭಯ ಇರಬೇಕಾದದ್ದು ಒಳಗಿನ ತುಕ್ಕಿಗೆ. ಸೀಟಿನ ಹತ್ತಿರ ಇಳಿದ ಮಳೆ ನೀರು ಬಾಟಮ್ ಬ್ರ್ಯಾಕೆಟ್‌ನಲ್ಲಿ ನಿಲ್ಲುತ್ತದೆ. ಒಳಗೆ ಟಾರ್ಚ್ ಬಿಟ್ಟು ನೋಡಿ. ಕೆಂಪು ಪುಡಿ ಇದ್ದರೆ ಪರವಾಗಿಲ್ಲ. ಪದರ ಪದರವಾಗಿ ಏಳುತ್ತಿದ್ದರೆ ಆ ಫ್ರೇಮ್ ಬಿಟ್ಟುಬಿಡಿ. ಸ್ವಚ್ಛ ಮಾಡಿದ ಮೇಲೆ ಒಳಗೆ ಅಗಸೆ ಎಣ್ಣೆ ಸುರಿದು, ತಿರುಗಿಸಿ ತಿರುಗಿಸಿ ಎಲ್ಲ ಕಡೆ ಹರಿಸಿ, ಸೋರಲು ಬಿಟ್ಟರೆ ಒಣಗಿ ಪದರವಾಗಿ ಕೂರುತ್ತದೆ.

ಬಣ್ಣದ ಬಗ್ಗೆ ಒಂದೇ ಮಾತು. ಮೂಲ ಬಣ್ಣ ಅರ್ಧ ಉಳಿದಿದ್ದರೂ ಅದನ್ನು ಕೆರೆಸಿ ಹೊಸದು ಹೊಡೆಸಬೇಡಿ. ಹೊಸ ಬಣ್ಣ ಯಾವಾಗ ಬೇಕಾದರೂ ಹೊಡೆಸಬಹುದು. ಮೂಲ ಬಣ್ಣ ಹೋದರೆ ಹೋಯಿತು.

ಈಗ ಅಳತೆ. ಮೊದಲು ಸೀಟ್ ಪೋಸ್ಟ್, ಸೀಟನ್ನು ಹೊತ್ತು ಫ್ರೇಮಿನೊಳಗೆ ಇಳಿಯುವ ಕೊಳವೆ. ಇದರ ಮೇಲೆ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಎಲ್ಲರೂ ಅವಸರದಲ್ಲಿ ದಾಟಿಹೋಗುವ ಜಾಗ ಇದು. ಸೀಟ್ ಪೋಸ್ಟ್‌ಗಳು 0.2 ಮಿಲಿಮೀಟರ್ ಮೆಟ್ಟಿಲಿನಲ್ಲಿ ಬರುತ್ತವೆ. 26.4, 26.6, 26.8, 27.0, 27.2 ಹೀಗೆ. 0.2 ಅಂದರೆ ಎಷ್ಟು? ಎರಡು ಹಾಳೆ ಕಾಗದದ ದಪ್ಪ. ಒಂದು ಮೆಟ್ಟಿಲು ಕಡಿಮೆಯದು ಹಾಕಿದರೂ ಒಳಗೆ ಹೋಗುತ್ತದೆ, ಕ್ಲ್ಯಾಂಪ್ ಬಿಗಿದರೆ ನಿಲ್ಲುತ್ತದೆ ಕೂಡ. ಆದರೆ ಬಿಗಿದು ಬಿಗಿದು ಸೀಟ್ ಟ್ಯೂಬಿನ ಬಾಯಿ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಕೊನೆಗೆ ಕೊಳವೆಗಳನ್ನು ಸೇರಿಸುವ ಲಗ್ ಬಿರುಕು ಬಿಡುತ್ತದೆ. ಹಾಗಾಗಿ ಕ್ಯಾಲಿಪರ್ ಒಳಗೆ ಇಳಿಸಿ ಅಳೆಯಿರಿ. ಬಾಯಲ್ಲಿ ಅಲ್ಲ, ಕ್ಲ್ಯಾಂಪ್ ಬಿಗಿಯಲು ಅಲ್ಲಿ ಬಿಟ್ಟಿರುವ ಸೀಳು ಮುಗಿದ ಮೇಲೆ ಅದರ ಕೆಳಗೆ. ಬಾಯನ್ನು ಹಿಂದಿನ ಮಾಲೀಕರು ಆಗಲೇ ಹಿಂಡಿರುತ್ತಾರೆ.

ಈ ಒಂದು ಅಳತೆ ಇನ್ನೊಂದು ಗುಟ್ಟನ್ನೂ ಹೇಳುತ್ತದೆ. ಆ ಕಾಲದ ಉಕ್ಕಿನ ಫ್ರೇಮ್‌ಗಳಲ್ಲಿ ಸೀಟ್ ಟ್ಯೂಬಿನ ಹೊರ ವ್ಯಾಸ ಸಾಮಾನ್ಯವಾಗಿ 28.6 ಮಿಲಿಮೀಟರ್. ಅದರಿಂದ ಪೋಸ್ಟಿನ ಅಳತೆ ಕಳೆದು ಎರಡರಿಂದ ಭಾಗಿಸಿ. ಕೊಳವೆಯ ಗೋಡೆ ಅಲ್ಲಿ ಎಷ್ಟು ದಪ್ಪ ಇದೆ ಅಂತ ಅಂದಾಜು ಸಿಗುತ್ತದೆ. ಈ ಫ್ರೇಮಿಗೆ 26.8 ಪೋಸ್ಟ್ ಕೂರುತ್ತದೆ. 28.6ರಲ್ಲಿ 26.8 ಹೋದರೆ 1.8. ಅರ್ಧ ಮಾಡಿದರೆ 0.9. 27.2 ಕೂರುವ ಫ್ರೇಮ್ ಆದರೆ ಗೋಡೆ ಇನ್ನೂ ತೆಳು, ಅಂದರೆ ಗಟ್ಟಿಯಾದ, ದುಬಾರಿ ಉಕ್ಕು ಇರುವ ಸಾಧ್ಯತೆ ಜಾಸ್ತಿ. 26.2 ಅಥವಾ 26.4 ಅಂದರೆ ದಪ್ಪ ಕೊಳವೆ, ಅಗ್ಗದ ಮಾಡೆಲ್. ಹೆಸರಿಲ್ಲದ ಫ್ರೇಮನ್ನು ಯಾರಾದರೂ ದೊಡ್ಡ ಬೆಲೆ ಹೇಳಿ ಮಾರಲು ಬಂದರೆ ಈ ಲೆಕ್ಕ ಹಾಕಿ ನೋಡಿ.

ಹಳೇ ಪೋಸ್ಟ್ ಒಳಗೇ ಕಚ್ಚಿಕೊಂಡಿದ್ದರೆ? ಬಹಳ ಸಲ ಹಾಗೇ ಇರುತ್ತದೆ. ಅಲ್ಯುಮಿನಿಯಂ ಪೋಸ್ಟ್, ಉಕ್ಕಿನ ಕೊಳವೆ, ನಡುವೆ ಬೆವರು, ಮಳೆ. ಅಲ್ಯುಮಿನಿಯಂ ಮೇಲೆ ಬಿಳಿ ಪದರ ಬೆಳೆದು ಎರಡೂ ಅಂಟಿಕೊಳ್ಳುತ್ತವೆ. ಬಿಸಿ ಮಾಡಬೇಕು ಅಂತ ಎಲ್ಲರಿಗೂ ಹೊಳೆಯುತ್ತದೆ. ಆದರೆ ಅಲ್ಯುಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಎರಡನ್ನೂ ಬಿಸಿ ಮಾಡಿದರೆ ಪೋಸ್ಟ್ ಇನ್ನೂ ಬಿಗಿಯಾಗುತ್ತದೆ. ಹಾಗಾಗಿ ಪೋಸ್ಟನ್ನು ತಣ್ಣಗೆ ಮಾಡಿ. ಅದಕ್ಕೂ ಮುಂಚೆ ಫ್ರೇಮನ್ನು ತಲೆಕೆಳಗು ನಿಲ್ಲಿಸಿ, ಬಾಟಮ್ ಬ್ರ್ಯಾಕೆಟ್ ಕಡೆಯಿಂದ ಪೆನಿಟ್ರೇಟಿಂಗ್ ಆಯಿಲ್ ಬಿಟ್ಟು ದಿನಗಟ್ಟಲೆ ಕಾಯಿರಿ. ಕಾಯುವುದೇ ಇಲ್ಲಿ ದೊಡ್ಡ ಉಪಕರಣ. ಏನೂ ಆಗದಿದ್ದರೆ ಪೋಸ್ಟನ್ನು ಮೇಲೆ ಕತ್ತರಿಸಿ, ಹ್ಯಾಕ್ಸಾ ಬ್ಲೇಡಿನಿಂದ ಒಳಗಿನಿಂದ ಉದ್ದಕ್ಕೆ ಸೀಳು ಹಾಕಿ, ಒಳಕ್ಕೆ ಮಡಚಿ ತೆಗೆಯುವುದು. ಬೇಸರದ ಕೆಲಸ, ಆದರೆ ಫ್ರೇಮ್ ಉಳಿಯುತ್ತದೆ. ಹೊಸ ಪೋಸ್ಟ್ ಹಾಕುವಾಗ ದೋಸೆ ಹೆಂಚಿಗೆ ಎಣ್ಣೆ ಸವರುವ ಹಾಗೆ ತೆಳ್ಳಗೆ ಗ್ರೀಸ್ ಸವರಿ. ನಿಮ್ಮ ನಂತರ ಈ ಫ್ರೇಮ್ ಹಿಡಿಯುವವರು ನಿಮ್ಮನ್ನು ನೆನೆಸಿಕೊಳ್ಳುತ್ತಾರೆ.

ಎರಡನೆಯದು ಹಿಂದಿನ ಡ್ರಾಪ್‌ಔಟ್‌ಗಳ ನಡುವಿನ ಅಗಲ. 80ರ ದಶಕದ ಫ್ರೇಮ್‌ಗಳಲ್ಲಿ ಸಾಮಾನ್ಯವಾಗಿ 126 ಅಥವಾ 130 ಮಿಲಿಮೀಟರ್. 90ರ ದಶಕ ಶುರುವಾಗುವ ಹೊತ್ತಿಗೆ 135 ನೆಲೆ ನಿಂತಿತು. ಇಲ್ಲಿರುವುದು 130. ಇದಕ್ಕೆ 135ರ ಹಬ್ ಕೂರಿಸಬೇಕು ಅಂದರೆ ಎರಡೂ ಕಡೆ ಎರಡೂವರೆ ಮಿಲಿಮೀಟರ್ ಹಿಗ್ಗಿಸಿದರೆ ಆಯಿತು, ಉಕ್ಕು ಕೈಯಲ್ಲೇ ಅಷ್ಟು ಬಾಗುತ್ತದೆ. 126ರಿಂದ 135ಕ್ಕೆ ಹೋಗುವುದಾದರೆ ಮಾತ್ರ ಸರಿಯಾಗಿ ಬಗ್ಗಿಸಿ, ಡ್ರಾಪ್‌ಔಟ್‌ಗಳನ್ನು ಮತ್ತೆ ಒಂದಕ್ಕೊಂದು ಸಮ ಮಾಡಿಸಬೇಕು.

ಬ್ರೇಕ್ ಎಲ್ಲಿದೆ ನೋಡುವುದೂ ವಯಸ್ಸು ಹೇಳುತ್ತದೆ. 1986ರಿಂದ 88ರವರೆಗೆ ಹಿಂದಿನ ಬ್ರೇಕನ್ನು ಕೆಳಗೆ, ಬಾಟಮ್ ಬ್ರ್ಯಾಕೆಟ್‌ನಿಂದ ಹಿಂದಿನ ಚಕ್ರಕ್ಕೆ ಹೋಗುವ ಚೈನ್‌ಸ್ಟೇ ಅಡಿಯಲ್ಲಿ ಹಾಕುವ ಫ್ಯಾಶನ್ ಇತ್ತು. ಕೆಸರೆಲ್ಲ ಅಲ್ಲೇ ತುಂಬಿಕೊಳ್ಳುತ್ತಿತ್ತು, ಹಾಗಾಗಿ ಬೇಗ ಬಿಟ್ಟರು. ಈ ಫ್ರೇಮಿನಲ್ಲಿ ಬ್ರೇಕ್ ಕೂರುವ ಜಾಗ ಮೇಲೆ, ಸೀಟಿನ ಕಡೆಯಿಂದ ಹಿಂದಿನ ಚಕ್ರಕ್ಕೆ ಇಳಿಯುವ ಸೀಟ್‌ಸ್ಟೇ ಮೇಲೆ ಇದೆ. ಹೆಡ್‌ಸೆಟ್, ಅಂದರೆ ಫೋರ್ಕ್ ತಿರುಗುವ ಬೇರಿಂಗ್ ಜೋಡಿ, 1 ಇಂಚಿನದು. ಕುಲುಕಾಟ ನುಂಗುವ ಸಸ್ಪೆನ್ಷನ್ ಫೋರ್ಕ್ ಬರಬಹುದು ಅಂತ ಮುಂದೆ ಎತ್ತರ ಬಿಟ್ಟು ಕಟ್ಟಿಲ್ಲ. ಎಲ್ಲ ಸೇರಿಸಿ ನೋಡಿದರೆ 80ರ ದಶಕದ ಕೊನೆಯ ಒಂದೆರಡು ವರ್ಷ ಅಂತ ನನ್ನ ಲೆಕ್ಕ.

ಹಾಗಾಗಿ ಇದಕ್ಕೆ ಸಸ್ಪೆನ್ಷನ್ ಫೋರ್ಕ್ ಹಾಕುವ ಆಸೆ ಬೇಡ. ರಾಕ್‌ಶಾಕ್ಸ್ ಕಂಪನಿಯ ಅಂಥ ಫೋರ್ಕ್ ಬಂದ ಮೇಲೆಯೇ ಫ್ರೇಮ್‌ಗಳು ಉದ್ದ ಫೋರ್ಕಿಗೆ ತಕ್ಕಂತೆ ಬದಲಾದದ್ದು. ಫೋರ್ಕ್ ಸುಮಾರು 20 ಮಿಲಿಮೀಟರ್ ಉದ್ದವಾದರೆ ಹೆಡ್ ಟ್ಯೂಬ್ ಒಂದು ಡಿಗ್ರಿ ಹಿಂದಕ್ಕೆ ಬೀಳುತ್ತದೆ. ಸೈಕಲ್ ತಿರುಗುವ ರೀತಿಯೇ ಬೇರೆಯಾಗುತ್ತದೆ. ಇನ್ನೊಂದು ವಿಷಯ. ಥ್ರೆಡ್ ಇರುವ ಹಳೇ ಫೋರ್ಕಿನ ಕಾಂಡವನ್ನು ಆಯಾ ಫ್ರೇಮಿನ ಹೆಡ್ ಟ್ಯೂಬ್ ಉದ್ದಕ್ಕೇ ಕತ್ತರಿಸಿರುತ್ತಾರೆ. ಬೇರೆ ಫ್ರೇಮಿನ ಫೋರ್ಕ್ ಸುಮ್ನೆ ಹೊಂದುವುದಿಲ್ಲ. ಫೋರ್ಕ್ ಇಲ್ಲದ ಫ್ರೇಮ್ ಅಗ್ಗಕ್ಕೆ ಸಿಕ್ಕರೂ ನಾನು ಮುಟ್ಟುವುದಿಲ್ಲ.

ಬಾಟಮ್ ಬ್ರ್ಯಾಕೆಟ್ ಹೆಚ್ಚಿನವುಗಳಲ್ಲಿ ಇಂಗ್ಲಿಷ್ ಥ್ರೆಡ್, ಅಗಲ 68 ಅಥವಾ 73 ಮಿಲಿಮೀಟರ್. ಇಲ್ಲಿ ನೆನಪಿಡಬೇಕಾದದ್ದು, ಬಲಗಡೆಯ ಕಪ್ (ಬೇರಿಂಗ್ ಕೂರುವ ಬಟ್ಟಲು) ಎಡ ಥ್ರೆಡ್. ಬಿಚ್ಚಲು ಗಡಿಯಾರದ ದಿಕ್ಕಿಗೇ ತಿರುಗಿಸಬೇಕು. ಇದು ಯಾರದೋ ಹಠ ಅಲ್ಲ. ತುಳಿಯುವಾಗ ಬೇರಿಂಗ್ ಒಳಗೆ ಒತ್ತಡ ಬೀಳುವ ಜಾಗ ಸುತ್ತುತ್ತಾ ಇರುತ್ತದೆ. ಅದರಿಂದ ಕಪ್ ತಾನಾಗಿ, ಕಣ್ಣಿಗೆ ಕಾಣದಷ್ಟು ನಿಧಾನವಾಗಿ, ಆಕ್ಸೆಲ್ ತಿರುಗುವುದಕ್ಕೆ ಎದುರು ದಿಕ್ಕಿಗೆ ತೆವಳುತ್ತದೆ. ಬಲಗಡೆ ಮಾಮೂಲಿ ಥ್ರೆಡ್ ಇದ್ದಿದ್ದರೆ ಓಡಿಸುತ್ತಾ ಓಡಿಸುತ್ತಾ ಬಿಚ್ಚಿಕೊಳ್ಳುತ್ತಿತ್ತು. ಎಡ ಪೆಡಲ್‌ಗೆ ಎಡ ಥ್ರೆಡ್ ಇರುವುದೂ ಇದೇ ತತ್ವದಿಂದ.

ಅದರೊಳಗಿನ ಆಕ್ಸೆಲ್ ಉದ್ದ ಎಷ್ಟು ಬೇಕು ಅನ್ನುವುದನ್ನು ಫ್ರೇಮ್ ಒಂದೇ ಹೇಳುವುದಿಲ್ಲ, ಕ್ರ್ಯಾಂಕ್ ಹೇಳುತ್ತದೆ. 80ರ ದಶಕದ ಕ್ರ್ಯಾಂಕ್‌ಗಳಿಗೆ 122.5ರಂಥ ಉದ್ದ ಬೇಕಾಗುತ್ತದೆ. 90ರ ದಶಕದ ಮಧ್ಯದವಕ್ಕೆ 113, 110, 107. ಗುರಿ ಒಂದೇ. ಕ್ರ್ಯಾಂಕಿನ ಮೂರು ಚೈನ್‌ರಿಂಗ್‌ಗಳಲ್ಲಿ (ಚೈನ್ ಕೂರುವ ಹಲ್ಲಿನ ಬಳೆಗಳು) ನಡುವಿನದು ಫ್ರೇಮಿನ ಮಧ್ಯದಿಂದ ಸುಮಾರು 47.5 ಮಿಲಿಮೀಟರ್ ದೂರದಲ್ಲಿರಬೇಕು. ಆಗ ಚೈನ್ ನೇರ ಓಡುತ್ತದೆ. ಆದ್ದರಿಂದ ಮೊದಲು ಕ್ರ್ಯಾಂಕ್ ಆರಿಸಿ, ಆಮೇಲೆ ಬಾಟಮ್ ಬ್ರ್ಯಾಕೆಟ್ ತನ್ನಿ.

ಕ್ರ್ಯಾಂಕ್ ಬಗ್ಗೆ ಒಂದು ಉಪಯೋಗದ ಮಾತು. ಆ ಕಾಲದವು ಹೆಚ್ಚಾಗಿ 46, 36, 26 ಹಲ್ಲು ಅಥವಾ 48, 38, 28. ಇಲ್ಲಿನ ಏರುಗಳಿಗೆ 28 ಭಾರ. ಅದೃಷ್ಟಕ್ಕೆ ಅವುಗಳ ಚಿಕ್ಕ ರಿಂಗ್ ಕೂರುವ ಬೋಲ್ಟ್ ವೃತ್ತ 74 ಮಿಲಿಮೀಟರ್. ಅದಕ್ಕೆ 24 ಹಲ್ಲಿನವರೆಗೂ ರಿಂಗ್ ಸಿಗುತ್ತದೆ. ಅಷ್ಟು ಬದಲಿಸಿದರೆ ಮಂಡಿ ಉಳಿಯುತ್ತದೆ.

ಗೇರ್ ಬದಲಿಸಲು ನಾನು ಕಣ್ಣು ಮುಚ್ಚಿ ಹೇಳುವುದು ಹೆಬ್ಬೆರಳಿನ ಶಿಫ್ಟರ್. ಹ್ಯಾಂಡಲ್ ಮೇಲೆ ಕೂರುವ ಚಿಕ್ಕ ಲಿವರ್, ನೀವು ನೋಡಿರುತ್ತೀರಿ. ಶಿಮಾನೊ 80ರ ದಶಕದ ಕೊನೆಯಲ್ಲಿ ಮಾಡಿದ ಎಕ್ಸ್‌ಟಿ ಶಿಫ್ಟರ್‌ಗಳಲ್ಲಿ ಎರಡು ರೀತಿ ಇದೆ. ಟಿಕ್ ಟಿಕ್ ಅಂತ ಒಂದೊಂದೇ ಗೇರ್ ಹಾಕುವುದು ಒಂದು. ಯಾವ ಟಿಕ್ಕೂ ಇಲ್ಲದೆ ಕೈ ಅಂದಾಜಿನಲ್ಲಿ ಜಾರಿಸುವುದು ಇನ್ನೊಂದು. ಈ ಎರಡನೆಯದರಲ್ಲಿ ಯಾವ ಕಂಪನಿಯ ಡಿರೈಲರ್ (ಚೈನ್ ಸರಿಸುವ ಭಾಗ), ಯಾವ ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಬೇಕಾದರೂ ನಡೆಯುತ್ತದೆ. ಟಿಕ್ ಬೇಕು ಅಂದರೆ ಸನ್‌ಟೂರ್ ಶಿಫ್ಟರಿಗೆ ಸನ್‌ಟೂರ್, ಶಿಮಾನೊಗೆ ಶಿಮಾನೊ ಹುಡುಕಬೇಕು, ಅವುಗಳ ಲೆಕ್ಕ ಬೇರೆ ಬೇರೆ. 7 ಸ್ಪೀಡ್ ಕ್ಯಾಸೆಟ್ ಇವತ್ತಿಗೂ ಹೊಸದು ಸಿಗುತ್ತದೆ. 8 ಸ್ಪೀಡಿನ ಹಬ್ ಮೇಲೆ ಅದನ್ನು ಹಾಕುವುದಾದರೆ ಹಿಂದೆ 4.5 ಮಿಲಿಮೀಟರಿನ ಒಂದು ಸ್ಪೇಸರ್ ಇಡಬೇಕು, ಅಷ್ಟೇ.

ಬ್ರೇಕಿಗೆ ಬರೋಣ. ರಿಮ್ಮಿನ ಎರಡೂ ಕಡೆ ಒಂದೊಂದು ತೋಳಿರುವ ಹಳೇ ಕ್ಯಾಂಟಿಲಿವರ್ ಬ್ರೇಕ್ ಹಿಡಿಯುವುದಿಲ್ಲ ಅಂತ ಒಂದು ದೂರು ಇದೆ. ಸರಿಯಾಗಿ ಹೊಂದಿಸಿದರೆ ಚೆನ್ನಾಗಿ ಹಿಡಿಯುತ್ತದೆ. ಎರಡು ತೋಳುಗಳನ್ನು ಸೇರಿಸುವ ಅಡ್ಡ ಕೇಬಲ್ ಇದೆಯಲ್ಲ, ಇಡೀ ವಿದ್ಯೆ ಅದರಲ್ಲಿದೆ. ಅದನ್ನು ಎತ್ತರದಲ್ಲಿ ಕಟ್ಟಿದರೆ ಪ್ಯಾಡ್ ಬೇಗ ರಿಮ್ ಮುಟ್ಟುತ್ತದೆ, ಲಿವರ್ ಗಟ್ಟಿಯಾಗಿ ಅನಿಸುತ್ತದೆ, ಆದರೆ ಒತ್ತಡ ಕಡಿಮೆ. ತಗ್ಗಿಸಿದರೆ ಲಿವರ್ ಮೆತ್ತಗಾಗುತ್ತದೆ, ಪ್ಯಾಡ್ ಜೋರಾಗಿ ಒತ್ತುತ್ತದೆ. ಅಂದರೆ ಕೈಗೆ ಮೆತ್ತಗೆ ಅನಿಸುವ ಬ್ರೇಕೇ ಒಳ್ಳೆಯ ಬ್ರೇಕು. ಇದನ್ನು ತಿಳಿಯದೆ ಲಿವರ್ ಗಟ್ಟಿಯಾಗುವವರೆಗೂ ಎತ್ತರಿಸಿ, ಹಿಡಿಯುತ್ತಿಲ್ಲ ಅಂತ ಬೇಜಾರು ಮಾಡಿಕೊಳ್ಳುತ್ತಾರೆ. ಲಿವರ್ ಕೂಡ ಆ ಕಾಲದ್ದೇ ಬೇಕು. 1996ರ ಸುಮಾರಿಗೆ ಬಂದ ವಿ-ಬ್ರೇಕಿನ ಲಿವರ್ ಕೇಬಲನ್ನು ಜಾಸ್ತಿ ಎಳೆಯುತ್ತದೆ, ಬಲ ಕಡಿಮೆ ಕೊಡುತ್ತದೆ. ಕ್ಯಾಂಟಿಲಿವರಿಗೆ ಅದನ್ನು ಹಾಕಿದರೆ ಬ್ರೇಕ್ ಹೆಸರಿಗೆ ಮಾತ್ರ.

ಇನ್ನೊಂದು ಮಾತನ್ನು ದಯವಿಟ್ಟು ಗಮನವಿಟ್ಟು ಕೇಳಿ. ಮುಂದಿನ ಬ್ರೇಕಿನ ಮುಖ್ಯ ಕೇಬಲ್ ಓಡುವಾಗ ತುಂಡಾದರೆ, ಆ ಅಡ್ಡ ಕೇಬಲ್ ಸಡಿಲವಾಗಿ ಟೈರ್ ಮೇಲೆ ಬೀಳುತ್ತದೆ. ಟೈರಿನ ದಪ್ಪ ಗುಬ್ಬಿಗಳು ಅದನ್ನು ಎಳೆದುಕೊಂಡು ಚಕ್ರ ಒಮ್ಮೆಲೇ ಹಿಡಿದು ನಿಲ್ಲುತ್ತದೆ. ನೀವು ಹ್ಯಾಂಡಲ್ ಮೇಲಿಂದ ಹಾರಿ ಬೀಳುತ್ತೀರಿ. ಅದಕ್ಕೇ ಹಳೇ ಸೈಕಲ್‌ಗಳ ಫೋರ್ಕ್ ಮೇಲೆ ರಿಫ್ಲೆಕ್ಟರ್ ಹಿಡಿಯುವ ಒಂದು ತಗಡಿನ ತುಂಡು ಇರುತ್ತಿತ್ತು. ಕೇಬಲ್ ಬಿದ್ದರೆ ಅದು ತಡೆಯುತ್ತದೆ. ಚೆಂದ ಕಾಣಲ್ಲ ಅಂತ ಜನ ಅದನ್ನು ಕಿತ್ತು ಎಸೆಯುತ್ತಾರೆ. ಎಸೆಯಬೇಡಿ. ಇಲ್ಲದಿದ್ದರೆ ಅಂಥದ್ದೊಂದು ಹಾಕಿಸಿ.

ಸುರಕ್ಷತೆಯ ಮಾತು ಬಂದದ್ದಕ್ಕೆ ಹೇಳುತ್ತೇನೆ. ಆಯಾ ವರ್ಷದ್ದೇ ಪ್ರತಿ ಬೋಲ್ಟ್ ಇರಬೇಕು ಅನ್ನುವವರಿದ್ದಾರೆ. ಅವರ ಶ್ರದ್ಧೆ ಬಗ್ಗೆ ನನಗೆ ಗೌರವ ಇದೆ. ಆದರೆ ಓಡಿಸುವ ಸೈಕಲ್‌ನಲ್ಲಿ ಹ್ಯಾಂಡಲ್‌ಬಾರ್ ಹೊಸದೇ ಇರಲಿ. ಅಲ್ಯುಮಿನಿಯಂ ವರ್ಷಗಟ್ಟಲೆ ಅದುರಿ ಅದುರಿ ದಣಿಯುತ್ತದೆ, ಮುನ್ಸೂಚನೆ ಇಲ್ಲದೆ ಮುರಿಯುತ್ತದೆ. ಹ್ಯಾಂಡಲ್‌ಬಾರ್ ಹಿಡಿಯುವ ಸ್ಟೆಮ್ ಹಳೆಯದಾದರೆ ಭೂತಗನ್ನಡಿ ಹಿಡಿದು ಪ್ರತಿ ಮೂಲೆ ನೋಡಿ. ಬ್ರೇಕ್ ಪ್ಯಾಡ್, ಎಲ್ಲ ಕೇಬಲ್, ಚೈನ್, ಟೈರ್, ಟ್ಯೂಬ್, ಬೇರಿಂಗಿನ ಬಾಲ್ಸ್ ಇವಿಷ್ಟೂ ಹೊಸದೇ ಬೇಕು. ಹಳೇ ರಬ್ಬರ್ ಗಟ್ಟಿಯಾಗಿರುತ್ತದೆ, ಅದಕ್ಕೆ ಹಿಡಿತ ಇರುವುದಿಲ್ಲ.

ಚಕ್ರದಲ್ಲಿ ನಮ್ಮ ಜನ ಎಡವುವ ಜಾಗ ಒಂದಿದೆ. ಊರಿಗೆ ಹೋದಾಗ 26 ಇಂಚಿನ ಟೈರ್ ಅಗ್ಗಕ್ಕೆ ಸಿಗುತ್ತದೆ ಅಂತ ತರಲು ಹೋಗಬೇಡಿ. ನಮ್ಮೂರಿನ ಲೇಡೀಸ್ ಸೈಕಲ್‌ಗಳಿಗೆ ಬರುವ 26 × 1 3/8 ಟೈರಿನ ಒಳ ಅಂಚಿನ ವ್ಯಾಸ 590 ಮಿಲಿಮೀಟರ್. ಮೌಂಟನ್ ಬೈಕಿನದು 559. ಎರಡೂ 26 ಇಂಚೇ, ಆದರೆ ಒಂದಕ್ಕೊಂದು ಕೂರುವುದೇ ಇಲ್ಲ. ಟೈರ್ ಪಕ್ಕದಲ್ಲಿ 559 ಅಂತ ಬರೆದಿರುವುದನ್ನು ಓದಿ ಕೊಳ್ಳಿ. ಊರಿನಲ್ಲೂ ರೇಂಜರ್ ಥರದ ಸೈಕಲ್‌ಗಳಿಗೆ 559 ಟೈರ್ ಬರುತ್ತದೆ, ಅದು ಬೇರೆ. ಇಲ್ಲಿ ಆ ಕಾಲದ ನೋಟವೂ ಬೇಕು, ಹಿಡಿತವೂ ಬೇಕು ಅನ್ನುವವರು ಪ್ಯಾನರೇಸರ್ ಕಂಪನಿಯ ಸ್ಮೋಕ್ ಹಿಂದಕ್ಕೆ, ಡಾರ್ಟ್ ಮುಂದಕ್ಕೆ ಹಾಕುತ್ತಾರೆ.

ಚಕ್ರ ಕಟ್ಟುವುದನ್ನು ಕಲಿಯಿರಿ ಅಂತ ನಾನು ಒತ್ತಾಯ ಮಾಡುತ್ತೇನೆ. ಹಬ್ಬು, ರಿಮ್ಮು, 32 ಅಥವಾ 36 ಕಡ್ಡಿ. ಪ್ರತಿ ಕಡ್ಡಿಯೂ ಮೂರು ಕಡ್ಡಿಗಳನ್ನು ದಾಟಿ ಹೋಗಬೇಕು. ಹಿಂದಿನ ಚಕ್ರದಲ್ಲಿ ಬಲಗಡೆ ಗೇರ್‌ಗಳಿಗೆ ಜಾಗ ಬಿಡಬೇಕಾದ್ದರಿಂದ ಆ ಕಡೆಯ ಕಡ್ಡಿಗಳು ಸ್ವಲ್ಪ ಗಿಡ್ಡ, ಬಿಗಿ ಜಾಸ್ತಿ. ಊರಿನ ಸೈಕಲ್ ಶಾಪಿನಲ್ಲಿ ಚಕ್ರದ ಬೆಂಡ್ ತೆಗೆಯುವವರು ಕಡ್ಡಿಗಳನ್ನು ಬೆರಳಿನಿಂದ ಮೀಟುತ್ತಾ ಹೋಗುವುದನ್ನು ನೀವೆಲ್ಲ ನೋಡಿದ್ದೀರಿ. ಒಂದೇ ಕಡೆಯ ಕಡ್ಡಿಗಳೆಲ್ಲ ಒಂದೇ ಸ್ವರ ಕೊಡಬೇಕು. ಆ ಕಿವಿ ಇಲ್ಲೂ ಅಷ್ಟೇ ಕೆಲಸಕ್ಕೆ ಬರುತ್ತದೆ.

ಜೋಡಿಸುವ ಕ್ರಮ ಚಿಕ್ಕದಾಗಿ ಹೇಳುತ್ತೇನೆ. ಬಾಟಮ್ ಬ್ರ್ಯಾಕೆಟ್ ಥ್ರೆಡ್ ಸ್ವಚ್ಛ ಮಾಡಿಸುವುದು, ಹೆಡ್‌ಸೆಟ್ ಕಪ್ ಕೂರಿಸುವುದು ಮೊದಲು. ಈ ಎರಡಕ್ಕೆ ಒಳ್ಳೆಯ ಅಂಗಡಿಗೆ ದುಡ್ಡು ಕೊಡಿ, ಆ ಉಪಕರಣ ಮನೆಯಲ್ಲಿ ಇಟ್ಟುಕೊಳ್ಳುವಂಥದ್ದಲ್ಲ. ಆಮೇಲೆ ಫೋರ್ಕ್, ಚಕ್ರ, ಕ್ರ್ಯಾಂಕ್, ಡಿರೈಲರ್, ಬ್ರೇಕ್, ಹ್ಯಾಂಡಲ್. ಕೊನೆಗೆ ಚೈನ್ ಮತ್ತು ಕೇಬಲ್. ಚೈನನ್ನು ಮುಂದಿನ ದೊಡ್ಡ ರಿಂಗ್ ಮತ್ತು ಹಿಂದಿನ ದೊಡ್ಡ ಕಾಗ್ (ಹಲ್ಲುಚಕ್ರ) ಸುತ್ತ, ಡಿರೈಲರ್ ಬಿಟ್ಟು, ನೇರ ಸುತ್ತಿ ಒಂದು ಇಂಚು ಜಾಸ್ತಿ ಇಟ್ಟು ಕತ್ತರಿಸಿ.

ಓಡಿಸಿ ಬಂದ ಮೇಲೆ ಕೆಲಸ ಇದೆ. ಕ್ರ್ಯಾಂಕ್ ಬೋಲ್ಟ್ ಬಿಗಿ ಇದೆಯಾ ನೋಡಲೇಬೇಕು. ಚೌಕ ತುದಿಯ ಆಕ್ಸೆಲ್ ಮೇಲೆ ಸಡಿಲ ಕ್ರ್ಯಾಂಕ್ ಇಟ್ಟು ಓಡಿಸಿದರೆ ಒಳಗಿನ ಚೌಕ ಸವೆದು ಆ ಕ್ರ್ಯಾಂಕ್ ಮತ್ತೆ ಉಪಯೋಗಕ್ಕೆ ಬರುವುದಿಲ್ಲ. ಹೊಸ ಕೇಬಲ್ ಸಡಿಲ ಆಗಿರುತ್ತದೆ, ಎಳೆದು ಕಟ್ಟಿ. ಕಡ್ಡಿಗಳನ್ನು ಇನ್ನೊಂದು ಸಲ ಮೀಟಿ ನೋಡಿ.

ಕೊನೆಯಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಬರೆಯುತ್ತಿದ್ದೇನೆ.

“ಇಷ್ಟೆಲ್ಲ ಮಾಡಿದರೆ ಹಳೇ ಸೈಕಲ್ ಪೂರ್ತಿಯಾಗಿ ಕೊಳ್ಳುವುದಕ್ಕಿಂತ ಅಗ್ಗವಾಗುತ್ತದಾ?” ಅಂತ ಒಬ್ಬರು ಅಕ್ಕ ಕೇಳಿದರು.

ಇಲ್ಲ ಅಕ್ಕ, ಬಿಡಿಬಿಡಿಯಾಗಿ ತಂದರೆ ಖಂಡಿತ ಜಾಸ್ತಿಯಾಗುತ್ತದೆ. ಖರ್ಚು ಇಳಿಸುವ ದಾರಿ ಒಂದಿದೆ. ಅದೇ ಕಾಲದ, ಅದೇ ಅಳತೆಗಳಿರುವ, ಫ್ರೇಮ್ ಹಾಳಾದ ಅಥವಾ ತೀರ ಅಗ್ಗದ ಪೂರ್ತಿ ಸೈಕಲ್ ಒಂದನ್ನು ಹುಡುಕಿ. ಒಟ್ಟಿಗೆ ಕೆಲಸ ಮಾಡಿಕೊಂಡು ಬಂದಿರುವ ಕ್ರ್ಯಾಂಕ್, ಬಾಟಮ್ ಬ್ರ್ಯಾಕೆಟ್, ಡಿರೈಲರ್, ಶಿಫ್ಟರ್ ಎಲ್ಲ ಒಂದೇ ಕಡೆ ಸಿಗುತ್ತವೆ. ಉಪಕರಣಗಳನ್ನು ಕೊಳ್ಳುವ ಬದಲು ಸ್ಯಾನ್ ಫ್ರಾನ್ಸಿಸ್ಕೋದ ಬೈಕ್ ಕಿಚನ್‌ನಂಥ ಜಾಗಗಳಿಗೆ ಹೋಗಿ. ಸ್ವಯಂಸೇವಕರು ನಡೆಸುವ ಕಾರ್ಯಾಗಾರ ಅದು. ನಿಮ್ಮ ಕೈಯಲ್ಲೇ ಮಾಡಿಸುತ್ತಾ ಕಲಿಸುತ್ತಾರೆ.

“ಕಟ್ಟಿದ ಮೇಲೆ ಎಲ್ಲಿ ಓಡಿಸಬೇಕು? ರೀಪ್ಯಾಕ್‌ನಲ್ಲೇ ಓಡಿಸಬಹುದಾ?” ಅಂತ ಒಬ್ಬ ಹುಡುಗ ಕೇಳಿದ.

ಓಡಿಸಬಹುದಪ್ಪ, ಅದು ಈಗಲೂ ಮಣ್ಣಿನ ಫೈರ್ ರೋಡ್, ಕಾಡ್ಗಿಚ್ಚು ಆರಿಸುವ ಗಾಡಿಗಳಿಗೆ ಬಿಟ್ಟ ದಾರಿ. ಆದರೆ ರೇಸ್ ಮಾಡುವ ಹಾಗಿಲ್ಲ. ಆ ಸುತ್ತಿನ ದಾರಿಗಳಲ್ಲಿ ವೇಗದ ಮಿತಿ ಗಂಟೆಗೆ 15 ಮೈಲಿ. ಮುಂದೆ ಕಾಣದ ತಿರುವಿನಲ್ಲಿ, ನಡೆಯುವವರನ್ನು ಅಥವಾ ಕುದುರೆಗಳನ್ನು ದಾಟುವಾಗ 5 ಮೈಲಿ. ಇಳಿದ ಮೇಲೆ ಫೇರ್‌ಫ್ಯಾಕ್ಸ್ ಊರೊಳಗೆ ಮರಿನ್ ಮ್ಯೂಸಿಯಂ ಆಫ್ ಬೈಸಿಕ್ಲಿಂಗ್ ಇದೆ, 2015ರಲ್ಲಿ ತೆರೆದದ್ದು. ಆ ಮೊದಮೊದಲ ಸೈಕಲ್‌ಗಳು ಅಲ್ಲಿವೆ. ಹೋದರೆ ಅವುಗಳ ಬ್ರೇಕಿನ ಅಡ್ಡ ಕೇಬಲನ್ನು ಎಷ್ಟು ಎತ್ತರದಲ್ಲಿ ಕಟ್ಟಿದ್ದಾರೆ ಅಂತ ಹತ್ತಿರದಿಂದ ನೋಡಿಕೊಂಡು ಬಾ.